ಅತ್ತೆಯ ಸೊಂಟವೂ ನರ್ಸಿಂಗ್ ಹೋಮಿನ ರಿಜಿಸ್ಟರೂ

ಕಾಗದಪತ್ರ ಹಿಡಿದು ಕೋರ್ಟಿಗೆ ಅಲೆಯುವವರ ಮನೆಯಲ್ಲಿ ನಗುವಂಥ ಪ್ರಸಂಗಗಳು ಬೇಡವೆಂದರೂ ನಡೆಯುತ್ತಲೇ ಇರುತ್ತವೆ. ಎಂಬತ್ತರ ದಶಕದ ಮೊದಲಲ್ಲಿ ನಮ್ಮಲ್ಲೂ ನಡೆದವು. ಯಲ್ದೂರಿನಿಂದ ಬಂದು ನಮ್ಮ ಜೊತೆಗಿದ್ದ ಅತ್ತೆಯವರನ್ನು ವಿಷಮಜ್ವರವೆಂದು ಕೋಲಾರದ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದ್ದೆವು. ಅಲ್ಲಿ ಮಂಚದಿಂದ ಬಿದ್ದು ಅವರ ಸೊಂಟದ ಮೂಳೆ ಮುರಿಯಿತು. ಕೂಗಿದರೂ ನರ್ಸ್ ಬರಲಿಲ್ಲವೆಂದು ದಾವೆ ಹೂಡಿದೆವು. ನನಗೆ ಬೇಕಾಗಿದ್ದದ್ದು ಒಂದೇ: ತಪ್ಪು ನಿಮ್ಮದು ಎಂದು ಅದನ್ನು ನಡೆಸುತ್ತಿದ್ದ ಡಾಕ್ಟರಿಗೆ ಕೋರ್ಟು ಹೇಳಬೇಕು. ನಾನು ಬಿ.ಎ. ಮಾಡಿದವಳು. ಯಾವ ಮಗುವಿಗೆ ಯಾವತ್ತು ಚುಚ್ಚುಮದ್ದು, ಯಾವ ಹಸು ಯಾವತ್ತು ಕರು ಹಾಕಿತು, ಎಲ್ಲವೂ ನನ್ನ ನೋಟ್‌ಬುಕ್ಕಿನಲ್ಲಿ ಇರುತ್ತಿತ್ತು. ದಾಖಲೆಯ ಜಗಳದಲ್ಲಿ ನನ್ನನ್ನು ಯಾರು ಸೋಲಿಸುತ್ತಾರೆ ಎಂದುಕೊಂಡಿದ್ದೆ.

ಒಂದೇ ದಿನ, ಎರಡು ಊರು

ಬಿದ್ದ ದಿನ ಸಂಜೆಯೇ ಅತ್ತೆಯನ್ನು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಸಾಗಿಸಿದ್ದೆವು. ಕೋರ್ಟು ತರಿಸಿದ ಕೋಲಾರದ ರಿಜಿಸ್ಟರಿನಲ್ಲಿ ಮಾರನೆಯ ದಿನವೂ ಅವರ ಹೆಸರಿತ್ತು: "ಜ್ವರವಿಲ್ಲ. ಮಧ್ಯಾಹ್ನ ಅನ್ನ, ಸಾರು ಉಂಡರು. ವರಾಂಡದಲ್ಲಿ ಓಡಾಡಿದರು."

ಮಾಲೂರಿನವರಾದ ನಮ್ಮ ಲಾಯರು ಕಟಕಟೆಯಲ್ಲಿದ್ದ ಅಲ್ಲಿನ ನರ್ಸನ್ನು ಕೇಳಿದರು: "ಏನಮ್ಮಾ ಇದು?"

ಆ ಹುಡುಗಿ ಹೆದರಿಕೊಂಡೇ ಹೇಳಿದಳು: "ಸೋಮವಾರಾನೇ ಇಡೀ ವಾರದ್ದು ಬರೆದಿಡ್ತೀವಿ ಸಾರ್. ಆಮೇಲೆ ಪೇಷೆಂಟ್ ನೋಡೋಕೆ ಟೈಮ್ ಸಿಗಲಿ ಅಂತ."

ಮನೆಗೆ ಬಂದು ಅತ್ತೆಗೆ ಓದಿ ಹೇಳಿದೆ. ಹಾಸಿಗೆಯಲ್ಲಿ ಮಗ್ಗುಲಿಗೂ ಹೊರಳಲಾರದವರು ಕಾಗದದಲ್ಲಿ ವರಾಂಡ ಸುತ್ತಿದ್ದರು. ಸಿಟ್ಟಾಗುತ್ತಾರೆಂದುಕೊಂಡೆ.

"ಯಾವ ಸಾರಂತೆ ಕಣೇ?" ಎಂದರು.

ಬಿಳಿ ಸೀರೆ

ಖಾಸಗಿ ಆಸ್ಪತ್ರೆಯಲ್ಲಿ ಹಗಲೂ ರಾತ್ರಿ ತರಬೇತಿಯಾದ ನರ್ಸ್ ಇರಬೇಕೆಂಬುದು ಸರ್ಕಾರದ ನಿಯಮ. ತಪಾಸಣೆಗೆ ಬಂದಿದ್ದ ಅಧಿಕಾರಿ "ನಾಲ್ವರು ನರ್ಸುಗಳು ಹಾಜರು" ಎಂದು ಪುಸ್ತಕದಲ್ಲಿ ಬರೆದು ರುಜು ಹಾಕಿದ್ದರು. ನಾವು ಅಲ್ಲಿ ನೋಡಿದ್ದು ಒಬ್ಬಳನ್ನೇ. ಉಳಿದವರಲ್ಲಿ ಒಬ್ಬರನ್ನು ನಮ್ಮ ಲಾಯರು ಮುಳಬಾಗಿಲಿನಲ್ಲಿ ಪತ್ತೆಮಾಡಿ ಕಟಕಟೆಗೆ ತಂದರು. ದಪ್ಪಗೆ, ದೊಡ್ಡ ಕುಂಕುಮವಿಟ್ಟ ಹೆಂಗಸು.

"ನೀವು ಅಲ್ಲಿ ನರ್ಸಾ?"

"ಅಯ್ಯೋ, ಇಲ್ಲಪ್ಪ. ಡಾಕ್ಟರ ಹೆಂಡ್ತಿ ನನ್ನ ತಂಗಿ. ಸೀಮಂತಕ್ಕೆ ಅಂತ ಹೋಗಿದ್ದೆ."

"ಬಿಳಿ ಸೀರೆ ಉಟ್ಟಿದ್ರಂತೆ?"

"ಉಟ್ಕೊಳ್ಳಿ ಅಂದ್ರು. ಮುತ್ತೈದೆ, ಬಿಳೀದು ಉಡೋದು ಹೆಂಗೆ ಅಂತ ಜಗಳ ಆಡ್ದೆ ಸ್ವಾಮಿ. ಕೊನೆಗೆ ಕೆಂಪಂಚಿಂದು ಕೊಟ್ರು."

"ಅಲ್ಲಿ ಏನು ಕೆಲಸ ಮಾಡಿದ್ರಿ?"

"ನಿಂತ್ಕೊಂಡಿದ್ದೆ."

ಜಡ್ಜ್ ಸಾಹೇಬರೂ ನಕ್ಕು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಗೆದ್ದೇಬಿಟ್ಟೆವು ಎಂದು ನಾನು ಅವತ್ತು ಮನೆಯಲ್ಲಿ ಒಬ್ಬಟ್ಟು ಮಾಡಿಸಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ನನ್ನ ನೋಟ್‌ಬುಕ್

ಅವರ ರಿಜಿಸ್ಟರು ಸುಳ್ಳೆಂದಾಯಿತು, ಇನ್ನು ನಿಮ್ಮ ನೋಟ್‌ಬುಕ್ ಹಾಜರುಪಡಿಸೋಣ ಎಂದರು ನಮ್ಮ ಲಾಯರು. "ಇಷ್ಟು ಅಚ್ಚುಕಟ್ಟಾದ ದಾಖಲೆ ನನ್ನ ಸರ್ವೀಸಲ್ಲೇ ನೋಡಿಲ್ಲಮ್ಮ." ನಾನು ಹೆಮ್ಮೆಯಿಂದ ಕೊಟ್ಟೆ.

ಎದುರು ಕಡೆಯ ಲಾಯರು ಶ್ರೀನಿವಾಸಪುರದವರು, ಮೆತ್ತಗೆ ಮಾತಾಡುವ ಮನುಷ್ಯ. ಪಾಟೀಸವಾಲಿಗೆ ಎದ್ದು ನನ್ನ ಪುಸ್ತಕವನ್ನೇ ಓದಿದರು:

"'ಎರಡು ಗಂಟೆ ಹತ್ತು ನಿಮಿಷ. ಬಚ್ಚಲಿಗೆ ಹೋಗಬೇಕೆಂದು ಅತ್ತೆ ಕೂಗಿದರು. ನರ್ಸ್ ಬರಲಿಲ್ಲ. ಎರಡೂಕಾಲು. ಎರಡನೇ ಸಲ ಕೂಗಿದರು. ಬರಲಿಲ್ಲ. ಎರಡೂ ಇಪ್ಪತ್ತು. ಮೂರನೇ ಸಲ. ಬರಲಿಲ್ಲ. ಎರಡೂ ಇಪ್ಪತ್ತೆರಡು. ಬಿದ್ದರು.' ಇದು ನಿಮ್ಮ ಬರಹಾನೇ ಅಲ್ವಾಮ್ಮ?"

"ನನ್ನದೇ. ಒಂದಕ್ಷರ ಸುಳ್ಳಿಲ್ಲ."

"ಛೆ, ಖಂಡಿತ ಇಲ್ಲ. ಆಗ ತಾವೆಲ್ಲಿದ್ರಿ?"

"ಮಂಚದ ಪಕ್ಕದ ಕುರ್ಚಿಯಲ್ಲಿ."

"ಮೂರು ಸಲಾನೂ ಕೇಳಿಸ್ತಲ್ಲ, ಎದ್ದು ಕೈ ಹಿಡೀಲಿಲ್ವಾ?"

"ರೋಗಿಯನ್ನು ನರ್ಸೇ ಇಳಿಸಬೇಕು, ಮನೆಯವರು ಮುಟ್ಟಬಾರದು ಅಂತ ಅವರೇ ಗೋಡೆಗೆ ಬರೆಸಿ ಹಾಕಿದ್ದರು."

"ಸರಿ. ಆ ಹನ್ನೆರಡು ನಿಮಿಷ ತಾವೇನ್ಮಾಡ್ತಿದ್ರಿ?"

ಉತ್ತರ ನನ್ನ ಬಾಯಿಂದ ಹೊರಟಮೇಲಷ್ಟೇ ನನಗೆ ಕೇಳಿಸಿತು.

"ಬರೀತಾ ಇದ್ದೆ."

ಕೋರ್ಟು ಹಾಲ್ ಪೂರ್ತಿ ನಕ್ಕಿತು. ತೀರ್ಪಿಗೆ ಕಾಯಬೇಕಾಗಿರಲಿಲ್ಲ, ದಾವೆ ಅಲ್ಲೇ ಬಿದ್ದುಹೋಯಿತು. ಸಾಕ್ಷಿಗೆಂದು ಕುರ್ಚಿಯಲ್ಲಿ ಹೊತ್ತು ತಂದಿದ್ದ ನಮ್ಮತ್ತೆಗೆ ಮಾತ್ರ ಆ ನಗು ಸಹಿಸಲಾಗಲಿಲ್ಲ. ಕೂತಲ್ಲಿಂದಲೇ ಜಡ್ಜ್ ಸಾಹೇಬರಿಗೆ ಕೈಮುಗಿದರು.

"ಅವಳನ್ನ ನೋಡಿ ನಗಬೇಡ್ರಪ್ಪ. ಬಿ.ಎ. ಓದಿರೋ ಸೊಸೆ. ಅಷ್ಟು ಮುದ್ದಾಗಿ ಬರೀತಾ ಕೂತಿದ್ಲು. ನಡುವೆ ಯಾಕೆ ತೊಂದ್ರೆ ಕೊಡೋದು ಅಂತ ನಾನೇ ಇಳ್ದೆ."