ಮೇಸ್ತ್ರಿಯ ಕೈಯೂ ಅರವತ್ತು ಡಿಗ್ರಿಯೂ

"ಈ ಮನೇಲಿ ನೀರು ಎಷ್ಟು ಬಿಸಿ ಇರಬೇಕು ಅಂತ ತೀರ್ಮಾನ ಮಾಡೋನು ನಾನು! ಈ ಡಬ್ಬ ಅಲ್ಲ!"

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಸೊಂಟಕ್ಕೆ ಟವೆಲ್ಲು ಬಿಗಿದು, ಬಲಗೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು, ಬಚ್ಚಲುಮನೆಯ ಬಾಗಿಲಲ್ಲಿ ನಿಂತು ಮೇಸ್ತ್ರಿಗಳು ಹೀಗೆಂದು ಘೋಷಿಸಿದರು. ಕೇಳಿಸಿಕೊಂಡದ್ದು ಹೊಸ ವಾಷಿಂಗ್ ಮಷಿನ್ ಒಂದೇ. ಹೆಂಡತಿ ತರಕಾರಿಗೆ ಹೋಗಿದ್ದಳು. ಇಂಥ ಘೋಷಣೆಗಳಿಗೆ ಅದೇ ಸರಿಯಾದ ಸಮಯ ಎಂಬಷ್ಟು ಬುದ್ಧಿಯನ್ನು ಇಪ್ಪತ್ತೆಂಟು ವರ್ಷದ ಸಂಸಾರ ಅವರಿಗೆ ಕಲಿಸಿತ್ತು.

ಮೇಸ್ತ್ರಿ ಎಂದರೆ ಗಾರೆ ಕೆಲಸದ ಮೇಸ್ತ್ರಿಯಲ್ಲ. ದೊಡ್ಡ ಆಸ್ಪತ್ರೆಯ ಲಾಂಡ್ರಿಗೆ ಮೇಸ್ತ್ರಿ! ರೋಗಿಗಳ ಚಾದರ ಒಗೆಯುವ ತೊಟ್ಟಿಗೆ ಕೈ ಅದ್ದಿ ಅವರು "ಐವತ್ತೆಂಟು" ಎಂದರೆ ಐವತ್ತೆಂಟು. ಥರ್ಮಾಮೀಟರ್ ತಂದು ನೋಡುವ ಎದೆಗಾರಿಕೆ ಅಲ್ಲಿ ಯಾರಿಗೂ ಇರಲಿಲ್ಲ. ಕಾಲೇಜಿನ ಮೆಟ್ಟಿಲು ಹತ್ತದಿದ್ದರೂ ಊರೆಲ್ಲ ಅವರನ್ನು ಕರೆಯುತ್ತಿದ್ದದ್ದು "ಡಿಗ್ರಿ ಮೇಸ್ತ್ರಿ" ಎಂದೇ.

ಹೋದ ತಿಂಗಳು ಆಸ್ಪತ್ರೆಗೆ ಹೊಸ ಯಂತ್ರಗಳು ಬಂದು ಎಲ್ಲ ಕೆಟ್ಟಿತು. ಯಂತ್ರ "ಅರವತ್ತು" ಎಂದು ತೋರಿಸಿದಾಗ ಮೇಸ್ತ್ರಿಗಳ ಕೈ "ನಲವತ್ತೈದು" ಎಂದಿತು. ಬಿಡುತ್ತಾರೆಯೇ? ಮ್ಯಾನೇಜರಿಗೆ ದೂರು ಬರೆದೇಬಿಟ್ಟರು: "ಯಂತ್ರ ಸುಳ್ಳು ಹೇಳುತ್ತಿದೆ. ರೋಗಿಗಳ ಚಾದರದಲ್ಲಿ ಕ್ರಿಮಿಗಳು ಸಾಯುತ್ತಿಲ್ಲ, ಸುಖವಾಗಿ ಸ್ನಾನ ಮಾಡುತ್ತಿವೆ." ಮ್ಯಾನೇಜರ್ ನಕ್ಕು, ಸೋಮವಾರ ಹನ್ನೊಂದು ಗಂಟೆಗೆ ಎಲ್ಲರೆದುರು ಪರೀಕ್ಷೆ ಇಟ್ಟರು. ಯಂತ್ರದ್ದು ಸುಳ್ಳಾದರೆ ಯಂತ್ರ ವಾಪಸ್ಸು. ಮೇಸ್ತ್ರಿಗಳದ್ದು ಸುಳ್ಳಾದರೆ ಮೇಸ್ತ್ರಿ ಹುದ್ದೆಯೇ ರದ್ದು.

ಹೊರಗೆ ಯುದ್ಧ ನಡೆದಿರುವಾಗ ಮನೆಯೊಳಗೇ ಶತ್ರು ಬಂದು ಕೂತರೆ ಹೇಗಿರಬೇಡ! ಬಟ್ಟೆ ಒಗೆದು ಮಣಿಕಟ್ಟು ನೋವು ಎಂದು ಹೆಂಡತಿ ತಂದಿದ್ದ ಮಷಿನ್ನೂ ಅದೇ ಜಾತಿಯದು. ಅದು ನಲವತ್ತು ಎಂದಾಗ ಇವರ ಕೈ ಮೂವತ್ತು ಎಂದಿತು. ಅದನ್ನು ಜೋಡಿಸಿಕೊಟ್ಟವನು ಹೆಂಡತಿಯ ತಮ್ಮ, ಫ್ರಿಜ್ಜು, ವಾಷಿಂಗ್ ಮಷಿನ್ ರಿಪೇರಿ ಮಾಡುವವನು. ಅವನನ್ನು ಹಿಡಿದು ವಿಚಾರಣೆ ನಡೆಸಿದ್ದಾಯಿತು.

"ಭಾವ, ಟಬ್ಬಿನ ತಳದಲ್ಲಿ ಹೀಟರ್ ಇದೆ. ಅದರ ಪಕ್ಕ ಕಡಲೆಬೀಜದಷ್ಟು ಒಂದು ಸೆನ್ಸರ್. ನೀರು ಬಿಸಿ ಆದಷ್ಟೂ ಅದರೊಳಗೆ ಕರೆಂಟು ಸಲೀಸಾಗಿ ಹರಿಯುತ್ತೆ. ಎಷ್ಟು ಹರೀತು ಅಂತ ಒಳಗಿನ ಬೋರ್ಡು ನೋಡ್ತಾ ಇರುತ್ತೆ. ಸಾಕು ಅನ್ನಿಸಿದ್ರೆ ಹೀಟರ್ ಆಫ್. ತಣ್ಣಗಾದ್ರೆ ಮತ್ತೆ ಆನ್. ಅಷ್ಟೇ."

"ಕಡಲೆಬೀಜ! ಕಡಲೆಬೀಜ ನನಗೆ ಪಾಠ ಹೇಳುತ್ತಾ?"

"ನಿಮಗಲ್ಲ ಭಾವ, ಹೀಟರ್‌ಗೆ."

ಆ ಕಡಲೆಬೀಜದ ಸೊಕ್ಕು ಮುರಿಯಲೆಂದೇ ಈ ಭಾನುವಾರದ ದಂಡಯಾತ್ರೆ. ಪ್ಲಗ್ ತೆಗೆದು, ಹಿಂದಿನ ಮುಚ್ಚಳ ಬಿಚ್ಚಿ, ಸೆನ್ಸರಿನ ವೈರು ಕಿತ್ತು ಮಷಿನ್ ಆನ್ ಮಾಡಿದರು. ಮಷಿನ್ ಕೀಂ ಕೀಂ ಎಂದು ಅತ್ತು ಕೆಲಸ ನಿಲ್ಲಿಸಿತು. ಸೆನ್ಸರ್ ಇಲ್ಲದೆ ಒಂದು ಹನಿಯನ್ನೂ ಕಾಯಿಸುವುದಿಲ್ಲವಂತೆ! ಆಗ ಮೇಸ್ತ್ರಿಗಳ ತಲೆಗೆ ಮಹಾ ಉಪಾಯವೊಂದು ಹೊಳೆಯಿತು. ವೈರು ಮತ್ತೆ ಸಿಕ್ಕಿಸಿ, ಸೆನ್ಸರನ್ನು ಮಾತ್ರ ಟಬ್ಬಿನಿಂದ ಹೊರಗೆಳೆದು, ಆ ತೂತಿಗೆ ಬಾಟಲಿಯ ರಬ್ಬರ್ ಬಿರಡೆ ಜಡಿದರು. ಸೆನ್ಸರನ್ನು ಫ್ರಿಜ್ಜಿನ ನೀರು ತುಂಬಿದ ಲೋಟದಲ್ಲಿ ಮುಳುಗಿಸಿಟ್ಟರು. ಈಗ ಟಬ್ಬಿನ ನೀರು ಎಷ್ಟೇ ಕಾದರೂ ಮಷಿನ್ನಿನ ಪಾಲಿಗೆ ಅದು ಕೊರೆಯುವ ತಣ್ಣೀರು. ಹೀಟರ್ ಉರಿಯುತ್ತಲೇ ಇರುತ್ತದೆ. ನಲವತ್ತಾಯಿತು ಎಂದು ಹೇಳಿ ಅದನ್ನು ನಿಲ್ಲಿಸುವವರು ಸಾಕ್ಷಾತ್ ಡಿಗ್ರಿ ಮೇಸ್ತ್ರಿಗಳು!

ಒಗೆಯಲು ಹಾಕಿದ್ದು ಸೋಮವಾರದ ಪರೀಕ್ಷೆಗೆ ತೊಡಬೇಕಾದ ಬಿಳಿ ಕೋಟು. ಇದ್ದದ್ದು ಅದೊಂದೇ. ಅದರ ಜೊತೆಗೆ, ಬೇಕೆಂತಲೇ, ಹೆಂಡತಿಯ ಹೊಸ ಮೆರೂನ್ ಹೊದಿಕೆ. ಆ ಬಣ್ಣ ಐವತ್ತು ಡಿಗ್ರಿ ದಾಟಿದರೆ ಮಾತ್ರ ಬಿಡುತ್ತದೆ, ನಲವತ್ತರಲ್ಲಿ ಒಂದು ತೊಟ್ಟೂ ಬಿಡುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಬಟ್ಟೆಯ ವಿಷಯದಲ್ಲಿ ಅವರ ಲೆಕ್ಕ ಎಂದೂ ತಪ್ಪಿದ್ದಿಲ್ಲ.

ಐದೈದು ನಿಮಿಷಕ್ಕೆ ಮುಚ್ಚಳ ಎತ್ತಿ ಕೈ ಅದ್ದಿ ತೆಗೆದರು. "ಇಪ್ಪತ್ತೆಂಟು." ಬಚ್ಚಲಿನ ಕನ್ನಡಿ ಮಬ್ಬಾಯಿತು. "ಮೂವತ್ತನಾಲ್ಕು." ಹಬೆ ನಡುಮನೆಗೆ ನುಗ್ಗಿತು. "ಮೂವತ್ತೊಂಬತ್ತು. ಥೂ, ಎಂಥ ಸೋಮಾರಿ ಹೀಟರ್!"

ಅಷ್ಟರಲ್ಲಿ ಹೆಂಡತಿ ಬಂದಳು. ಊಟಕ್ಕೆಂದು ದಾರಿಯಲ್ಲಿ ತಮ್ಮನನ್ನೂ ಕರೆದುಕೊಂಡು ಬಂದಿದ್ದಳು.

"ರೀ, ಏನ್ರೀ ಇದು ಹೊಗೆ?"

"ಹೊಗೆ ಅಲ್ಲ ಕಣೇ, ಹಬೆ."

"ಹಬೆ ಯಾಕೆ?"

"ಏನೋಪ್ಪ! ನೀರಂತೂ ಇನ್ನೂ ನಲವತ್ತೂ ಆಗಿಲ್ಲ."

ಅವಳು ಟಬ್ಬಿಗೆ ಬೆರಳು ಹಾಕಿದಳು. "ಅಯ್ಯಯ್ಯೋ!" ಎಂದು ಕಿರುಚಿದ್ದು ಮೂರು ಮನೆಗೆ ಕೇಳಿಸಿತು. ತಮ್ಮ ಓಡಿ ಪ್ಲಗ್ ಕಿತ್ತ. ಲೋಟದಲ್ಲಿ ಮುಳುಗಿದ್ದ ಸೆನ್ಸರ್ ನೋಡಿ ಹಣೆ ಚಚ್ಚಿಕೊಂಡ. ಚೀಲದಿಂದ ಥರ್ಮಾಮೀಟರ್ ತೆಗೆದು ನೀರಿಗೆ ಇಳಿಬಿಟ್ಟ.

"ಭಾವ, ಐವತ್ತಮೂರು."

"ನಿನ್ನ ಥರ್ಮಾಮೀಟರ್ ಕೆಟ್ಟಿದೆ."

"ಅಕ್ಕನ ಬೆರಳೂ ಕೆಟ್ಟಿದೆಯಾ?"

ಹೆಂಡತಿ ಕೋಲು ತಂದು ಟಬ್ಬಿನಿಂದ ಕೋಟನ್ನು ಮೇಲೆತ್ತಿದಳು. ಗುಲಾಬಿ! ಕಾಲರಿನಿಂದ ಅಂಚಿನವರೆಗೆ ಅಪ್ಪಟ ಗುಲಾಬಿ! ಮೇಸ್ತ್ರಿಗಳು ಥರ್ಮಾಮೀಟರಿನ ಜೊತೆ ಜಗಳ ಆಡಬಹುದಿತ್ತು, ಭಾವಮೈದುನನ ಜೊತೆ ಇನ್ನೂ ಚೆನ್ನಾಗಿ ಆಡಬಹುದಿತ್ತು. ಆದರೆ ಮೆರೂನ್ ಬಣ್ಣ ಐವತ್ತಕ್ಕೆ ಮೊದಲು ಬಿಡುವುದಿಲ್ಲ ಎಂಬುದು ಅವರದೇ ವಿದ್ಯೆ. ಅದರ ಜೊತೆ ಹೇಗೆ ಜಗಳ ಆಡುವುದು? ಮೇಸ್ತ್ರಿಗಳು ತಮ್ಮ ಬಲಗೈ ನೋಡಿಕೊಂಡರು. ಮಣಿಕಟ್ಟಿನವರೆಗೆ ಕೆಂಪಗೆ ಬೆಂದಿತ್ತು. ಅವರಿಗೆ ಅದು ತಿಳಿದೇ ಇರಲಿಲ್ಲ.

ಹೆಂಡತಿ ಅವರನ್ನು ಸ್ಟೂಲಿನ ಮೇಲೆ ಕೂರಿಸಿ ಕೈಗೆ ಮುಲಾಮು ಹಚ್ಚಿದಳು.

"ಈ ಕೈ ಸತ್ತು ಹದಿನೈದು ವರ್ಷ ಆಯ್ತು ರೀ. ಅಷ್ಟು ವರ್ಷ ಬಿಸಿನೀರಲ್ಲಿ ಅದ್ದಿದ್ರೆ ಇನ್ನೇನಾಗುತ್ತೆ?"

"ನಿನಗೆ ಗೊತ್ತಿತ್ತಾ?"

"ಮಗಳು ಚಿಕ್ಕವಳಿದ್ದಾಗ, ಸ್ನಾನಕ್ಕೆ ಅಪ್ಪ ಬೇಡ ಅಂತ ಅಳ್ತಿದ್ದಳಲ್ಲ. ಹಠಮಾರಿ ಅಂತ ನೀವು ಬೈತಿದ್ರಿ. ಮಗು ಮೈ ಸುಟ್ಟು ಅಳ್ತಿತ್ತು. ಆವತ್ತಿಂದ ನೀವು ಬೆರೆಸಿಟ್ಟ ನೀರಿಗೆಲ್ಲ ನಾನು ಎರಡು ಚೊಂಬು ತಣ್ಣೀರು ಸುರೀತಾ ಬಂದಿದ್ದೀನಿ."

"ಒಂದು ಮಾತು ಹೇಳಬಾರದಿತ್ತೇನೇ?"

"ನಿಮಗೆ ಇದ್ದದ್ದು ಅದೊಂದು ಹೆಮ್ಮೆ. ಅದನ್ನೂ ನಾನೇ ಕಿತ್ಕೊಳ್ಳಬೇಕಿತ್ತಾ?"

ಮೇಸ್ತ್ರಿಗಳಿಗೆ ಅಳು ಬಂತು. ಭಾವಮೈದುನ ಎದುರಿಗಿದ್ದುದರಿಂದ ಅದನ್ನು ಸೀನಿನಂತೆ ಮಾಡಿ ಮುಗಿಸಿದರು. ತಮ್ಮನ್ನು ನಂಬಿ ಆಸ್ಪತ್ರೆ ಒಗೆದ ಚಾದರಗಳೆಲ್ಲ ಕಣ್ಣ ಮುಂದೆ ಬಂದವು. ಸದ್ಯ, ಅವು ಬೇಕಾದ್ದಕ್ಕಿಂತ ಜಾಸ್ತಿಯೇ ಬೆಂದಿರಬೇಕು. ಕ್ರಿಮಿಗಳಂತೂ ಒಂದೂ ಉಳಿದಿರಲಾರವು ಎಂಬುದಷ್ಟೇ ಸಮಾಧಾನ.

"ನಾಳೆ ನಿಜ ಹೇಳಿಬಿಡಿ," ಎಂದಳು ಹೆಂಡತಿ.

"ನಾಳೆ ನಾಳೆಗೆ," ಎಂದರು ಮೇಸ್ತ್ರಿಗಳು.

ಸೋಮವಾರ ಹನ್ನೊಂದಕ್ಕೆ ಲಾಂಡ್ರಿಯಲ್ಲಿ ಜನವೋ ಜನ. ನರ್ಸುಗಳು, ಇಸ್ತ್ರಿಯವರು, ಯಂತ್ರದ ಇಂಜಿನಿಯರ್, ನಡುವೆ ಮ್ಯಾನೇಜರ್. ಮೇಸ್ತ್ರಿಗಳು ಗುಲಾಬಿ ಕೋಟಿನಲ್ಲಿ ಒಳಗೆ ಬಂದಾಗ ಯಾರೂ ನಗಲಿಲ್ಲ, ಎಲ್ಲರೂ ಕೆಮ್ಮಿದರು. ಇಂಜಿನಿಯರ್ ಯಂತ್ರದ ಪರದೆಗೆ ಕಾಗದ ಅಂಟಿಸಿ ಅಂಕಿ ಮುಚ್ಚಿದ. ಯಂತ್ರದೊಳಗಿನ ನೀರನ್ನು ಅದರ ಪಕ್ಕದ ನಲ್ಲಿಯಿಂದ ಬಕೆಟ್ಟಿಗೆ ಹಿಡಿದ.

"ಹೇಳಿ ಮೇಸ್ತ್ರಿಗಳೇ, ಎಷ್ಟು?"

ಮೇಸ್ತ್ರಿಗಳು ಕೈ ಅದ್ದಿದರು. ಕೈ ಎಂದಿನಂತೆ "ನಲವತ್ತೈದು" ಎಂದಿತು. ಜೀವಮಾನದಲ್ಲಿ ಮೊದಲ ಸಲ ಮೇಸ್ತ್ರಿಗಳು ಅದರ ಮಾತು ಕೇಳಲಿಲ್ಲ. ಪರದೆ ಮುಚ್ಚಿದ್ದರೇನಂತೆ, ಅದರ ಕೆಳಗಿನ ತಿರುಗುಗುಂಡಿಯನ್ನು ಮುಚ್ಚಲು ಆ ಪುಣ್ಯಾತ್ಮ ಮರೆತಿದ್ದ. ಗುಂಡಿಯ ಮುಳ್ಳು "ಚಾದರ, ಅರವತ್ತು" ಎಂಬಲ್ಲಿ ನಿಂತಿತ್ತು. ಮೇಸ್ತ್ರಿಗಳು ಕಣ್ಣು ಮುಚ್ಚಿ, ಋಷಿಗಳಂತೆ ಉಸಿರೆಳೆದು, ಗಂಭೀರವಾಗಿ ನುಡಿದರು: "ಅರವತ್ತು."

ಇಂಜಿನಿಯರ್ ಥರ್ಮಾಮೀಟರ್ ಎತ್ತಿ ತೋರಿಸಿದ. ಅರವತ್ತು! ಕಾಗದ ಕಿತ್ತ. ಅರವತ್ತು! ನರ್ಸುಗಳು ಚಪ್ಪಾಳೆ ತಟ್ಟಿದರು. "ನಮ್ಮ ಮೇಸ್ತ್ರಿ ಕೈ ಅಂದ್ರೆ ಕೈ!" ಎಂದು ಇಸ್ತ್ರಿಯವನು ಕೂಗಿದ.

"ನಾನು ದೂರು ಕೊಟ್ಟ ಮೇಲೆ ಯಾರೋ ಸರಿ ಮಾಡಿರಬೇಕು ಸಾರ್," ಎಂದರು ಮೇಸ್ತ್ರಿಗಳು ವಿನಯದಿಂದ.

ಮ್ಯಾನೇಜರ್ ಎದ್ದು ಬಂದು ಅವರ ಕೈ ಕುಲುಕಿದರು. "ಬಹಳ ಸಂತೋಷ ಮೇಸ್ತ್ರಿಗಳೇ! ಯಂತ್ರ ಅರವತ್ತು ಅನ್ನುತ್ತೆ, ಥರ್ಮಾಮೀಟರ್ ಅರವತ್ತು ಅನ್ನುತ್ತೆ, ನೀವೂ ಅರವತ್ತು ಅಂತೀರಿ. ಒಂದೇ ಮಾತು ಹೇಳೋಕೆ ಮೂರು ಜನ ಯಾಕೆ, ನೀವೇ ಹೇಳಿ?"

ಆ ಸಂಜೆ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು.

"ಏನಾಯ್ತು ರೀ?"

"ಗೆದ್ದೆ ಕಣೇ," ಎಂದರು ಮೇಸ್ತ್ರಿಗಳು. "ನಾಳೆಯಿಂದ ಚಾದರ ಮಡಚೋ ಕೆಲಸ."