ಪ್ರೇಮಕುಮಾರ ಹೂಂ ಅಂದದ್ದು

ಹೆಂಡತಿಯನ್ನು ಪರದೇಶಕ್ಕೆ ಓದಲು ಕಳಿಸಿದ ಉದಾರಚರಿತ ಎಂದು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಪ್ರೇಮಕುಮಾರನಿಗೆ ಹೆಸರು ಬಂದಿದೆ. ಇದು ಅವನಿಗಾದ ಘೋರ ಅನ್ಯಾಯ. ಅವನು ಯಾರನ್ನೂ ಎಲ್ಲಿಗೂ ಕಳಿಸಿದವನಲ್ಲ. (ಹಿಂದೊಮ್ಮೆ ಹೆಂಡತಿ ಗೆಳತಿಯರ ಜೊತೆ ಎರಡು ದಿನ ಬಾದಾಮಿಗೆ ಹೊರಟಾಗ, ಬಸ್ಸಿಗೆ ಒಂದು ತಾಸು ಇರುವಾಗಲೇ ಅವನಿಗೆ ಹೊಟ್ಟೆನೋವು ಬಂದಿತ್ತು.)

ಅವನ ಹೆಂಡತಿ ವಿದ್ಯಾ ಇಳಕಲ್ಲಿನ ನೇಕಾರರ ಮನೆಯ ಮಗಳು. ಇಲ್ಲಿನ ಕಾಲೇಜೊಂದರಲ್ಲಿ ಜವಳಿ ವಿಷಯ ಕಲಿಸುತ್ತಿದ್ದಳು. ನಲವತ್ತೊಂದರ ವಯಸ್ಸಿನಲ್ಲಿ ಅವಳಿಗೆ ಸ್ಕಾಟ್ಲೆಂಡಿನ ವಿಶ್ವವಿದ್ಯಾಲಯಕ್ಕೆ ಹೋಗಿ, ಹಳೆಯ ಬಟ್ಟೆಗಳನ್ನು ಹಾಳಾಗದಂತೆ ಕಾಪಾಡುವುದು ಹೇಗೆಂದು ಒಂದು ವರ್ಷ ಓದುವ ಆಸೆ ಹುಟ್ಟಿತು. ಅವಳ ಅಣ್ಣ ಕನಕಪ್ಪ ಇಳಕಲ್ಲಿನಲ್ಲಿ ಹೊಸ ಮನೆ ಕಟ್ಟಿಸಿದ್ದ. ಅದರ ವಾಸ್ತುಶಾಂತಿಯ ದಿನ ಹೋಳಿಗೆ ಊಟದ ಅಮಲಿನಲ್ಲಿ ಪ್ರೇಮಕುಮಾರ ಬೀಗರೆಲ್ಲರ ಎದುರು ಹೇಳಿಬಿಟ್ಟ: "ನಾ ಏನ ಹಳೇ ಕಾಲದ ಗಂಡಸಲ್ಲ. ಸೀಟ ಸಿಕ್ಕರ ಹೋಗಲಿ."

ಸಿಗುವುದಿಲ್ಲವೆಂಬ ಪೂರ್ಣ ಭರವಸೆ ಅವನಿಗಿತ್ತು. ಸೀಟು ಸಿಕ್ಕಿತು. ಸಾಲದ್ದಕ್ಕೆ ವಿದ್ಯಾರ್ಥಿವೇತನವೂ ಸಿಕ್ಕಿತು. ಕನಕಪ್ಪ ಫೋನ್ ಮಾಡಿ, "ನಿಮ್ಮಂಥಾ ಅಳಿಯಾರು ಯಾರಿಗೂ ಸಿಗೂದಿಲ್ರಿ," ಎಂದು ಅತ್ತ. ಪ್ರೇಮಕುಮಾರನಿಗೂ ಅಳು ಬಂತು, ಬೇರೆ ಕಾರಣಕ್ಕೆ. ಮದುವೆಯಾಗಿ ಇಪ್ಪತ್ತು ವರ್ಷ. ಮಕ್ಕಳಾಗಿರಲಿಲ್ಲ. ಆ ಮನೆಯಲ್ಲಿ ಮಾತಾಡುವವಳೆಂದರೆ ಅವಳು, ಕೇಳಿಸಿಕೊಳ್ಳುವವನೆಂದರೆ ಅವನು.

ಅವನಿಗೆ ಇನ್ನೊಂದೇ ಆಸೆ ಉಳಿದಿತ್ತು. ವೀಸಾಕ್ಕೆ ಮುಂಚೆ ಅಲ್ಲಿಯವರು ಕಂಪ್ಯೂಟರಿನಲ್ಲಿ ಒಂದು ಸಂದರ್ಶನ ಮಾಡುತ್ತಾರಂತೆ, ಅದರಲ್ಲಿ ತಡವರಿಸಿದರೆ ಮುಗಿಯಿತಂತೆ.

"ನಾ ಆಫೀಸರ್ ಆಗ್ತೇನಿ, ನೀ ಉತ್ತರ ಹೇಳು. ಪ್ರಾಕ್ಟೀಸ್ ಆಗ್ತೈತಿ," ಎಂದ. ಅವಳನ್ನು ಹೆದರಿಸಿ, ಅಳಿಸಿ, ತಾನಾಗಿಯೇ ಬೇಡವೆನ್ನಿಸುವುದು ಅವನ ಘನ ಸಂಚು.

ಪಡಸಾಲೆಯಲ್ಲಿ ಟೇಬಲ್ ಹಾಕಿಯಾಯಿತು. ಆಫೀಸರ್ ಸಾಹೇಬರು ಮದುವೆಯ ಕೋಟು ಧರಿಸಿದರು. (ಟೇಬಲ್ಲಿನ ಕೆಳಗೆ ಲುಂಗಿ.) ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಅರ್ಜಿಗಳನ್ನು ತಿರಸ್ಕರಿಸಿದ ಅನುಭವವೆಲ್ಲ ಮುಖಕ್ಕೆ ಬಂದು ಕೂತಿತು.

"ನಲವತ್ತೊಂದನೇ ವಯಸ್ಸಿಗೆ ಯಾಕ ಓದಾಕ ಹೊಂಟೀರಿ?"

"ಇಪ್ಪತ್ತೊಂದಕ್ಕ ಮದುವಿ ಮಾಡಿದ್ರು, ಅದಕ್ಕ."

"ಇದು ಉತ್ತರ ಅಲ್ಲ. ಬಟ್ಟಿ ಬಗ್ಗೆ ಓದಾಕ ಅಲ್ಲೀತನಕ ಯಾಕ? ಇಳಕಲ್ಲಿನ್ಯಾಗ ಬಟ್ಟಿ ಇಲ್ಲೇನು?"

"ನೇಯೂದು ಇಳಕಲ್ಲಿನ್ಯಾಗ ಐತ್ರಿ. ಹರಿದದ್ದನ್ನ ಉಳಿಸೂದು ಕಲೀಬೇಕಾಗೇತಿ."

"ನಿಮ್ಮ ಗಂಡನ ಗತಿ ಏನು?"

"ಅವರಿಗೆ ಕೈಕಾಲು ಗಟ್ಟಿ ಅದಾವ್ರಿ."

"ತಿರಿಗಿ ಬರ್ತೀರಿ ಅನ್ನಾಕ ಖಾತ್ರಿ ಏನು?"

ವಿದ್ಯಾ ಕುರ್ಚಿಯನ್ನು ಟೇಬಲ್ಲಿನ ಹತ್ತಿರ ಎಳೆದುಕೊಂಡಳು. "ಈ ಪ್ರಶ್ನೆ ಆಫೀಸರ್ ಕೇಳಾಕತ್ತಾರೋ, ನೀವು ಕೇಳಾಕತ್ತೀರೋ?"

"ಆಫೀಸರ್ ಕೇಳಾಕತ್ತಾರ," ಎಂದು ಸಾಹೇಬರು ಕೋಟಿನ ಗುಂಡಿ ಹಾಕಿಕೊಂಡರು. "ರಿಜೆಕ್ಟೆಡ್."

ಹದಿನೈದು ದಿನ ಹೀಗೇ ನಡೆಯಿತು. ಅವನು ಹದಿನೈದು ಸಲವೂ ತಿರಸ್ಕರಿಸಿದ. ಅವಳು ಪ್ರತಿದಿನ ಇನ್ನಷ್ಟು ಗಟ್ಟಿಯಾದಳು. ಇಂಗ್ಲಿಷಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲೇ ತಿರುಗಿಸಿ ಕೊಡತೊಡಗಿದಳು. ಕೊನೆಗೆ ನಿಜವಾದ ಸಂದರ್ಶನ ಹನ್ನೆರಡು ನಿಮಿಷದಲ್ಲಿ ಮುಗಿಯಿತು. ವಿದ್ಯಾ ಕೋಣೆಯಿಂದ ನಗುತ್ತ ಬಂದಳು. "ಪಾಪ, ಆಫೀಸರ್ ಭಾಳ ಮೆತ್ತಗಿನ ಮನಷ್ಯಾರು. ನಿಮ್ಮ ಮುಂದ ಅವರು ಏನೂ ಅಲ್ಲರಿ. ನೀವು ಕಲಿಸದಿದ್ರ ನಂಗ ಇದು ಆಗ್ತಿರಲಿಲ್ಲ."

ಪ್ರೇಮಕುಮಾರ ಕೋಟನ್ನು ಮಡಚಿ ಟ್ರಂಕಿನಲ್ಲಿಟ್ಟ.

ಸೆಪ್ಟೆಂಬರಿನಲ್ಲಿ ಅವಳು ಹೋದಳು. ಮನೆ ಇದ್ದಕ್ಕಿದ್ದಂತೆ ದೊಡ್ಡದಾಯಿತು. ಮೊದಲ ವಾರ ಮಾಡಿದ ಅನ್ನವನ್ನು ಅವನು ಚಮಚದಿಂದ ಕೊರೆದು ತಿಂದ. ಎರಡನೆಯ ವಾರದಿಂದ ಹಿಂದಿನ ಓಣಿಯಲ್ಲಿ ರೊಟ್ಟಿ ಮಾಡಿ ಮಾರುವ ದುರ್ಗವ್ವನ ಗಿರಾಕಿಯಾದ. ಆಫೀಸಿನಿಂದ ಬಂದು ಟಿವಿ ಹಚ್ಚುತ್ತಿದ್ದ, ನೋಡಲಿಕ್ಕಲ್ಲ, ಯಾರಾದರೂ ಮಾತಾಡಲಿ ಎಂದು. ಒಂದು ಸಂಜೆ ವಾರ್ತೆ ಓದುವಾಕೆಗೆ "ಹೌದಾ?" ಅಂದ ತನ್ನ ದನಿ ಕೇಳಿ ತಾನೇ ಬೆಚ್ಚಿದ.

ಸಂಕ್ರಾಂತಿಗೆ ದುರ್ಗವ್ವನೇ ಕನಿಕರಪಟ್ಟು, ತನ್ನ ಮನೆಯವರ ಜೊತೆ ಅವನನ್ನೂ ಟೆಂಪೋದಲ್ಲಿ ಹೇರಿಕೊಂಡು ಕೂಡಲಸಂಗಮಕ್ಕೆ ಕರೆದೊಯ್ದಳು. ಹೊಳೆಯ ಸ್ನಾನವಾಯಿತು. ದಂಡೆಯ ಮೇಲೆ ಎಲ್ಲಿ ನೋಡಿದರೂ ಗಂಡ ಹೆಂಡತಿಯರು ಬುತ್ತಿ ಬಿಚ್ಚಿ ಕೂತಿದ್ದರು. ಪ್ರೇಮಕುಮಾರ ಸಜ್ಜಿ ರೊಟ್ಟಿಯ ಮೊದಲ ತುತ್ತು ಮುರಿಯುವಾಗ ಫೋನ್ ಬಂತು. ಅವನು ಎದ್ದು ನೀರಿನ ಅಂಚಿಗೆ ಹೋದ.

"ಇಲ್ಲಿ ಎಂಟ ಗಂಟಿ ಆತು, ಇನ್ನೂ ಕತ್ತಲಿ ಐತ್ರಿ," ಎಂದಳು ವಿದ್ಯಾ. "ನಾ ಬಿಟ್ಟು ಬರ್ತೇನಿ. ಸಾಕಾಗೇತಿ."

ನಾಲ್ಕು ತಿಂಗಳಿಂದ ಅವನು ಕಾದಿದ್ದ ಮಾತು ಅದು. 'ಬಾ' ಎನ್ನಲು ಒಂದೇ ಅಕ್ಷರ ಬೇಕು. ಆದರೂ ಅವನ ಬಾಯಿಂದ, "ಏನಾತು?" ಎಂದು ಬಂತು.

"ನನ್ನ ಅರ್ಧ ವಯಸ್ಸಿನವರ ನಡುವ ಕುಂದರ್ತೇನಿ. ಮೊದಲನೇ ದಿನ ಒಬ್ಬಾಕಿ ನನ್ನ ಕಡೆ ಬಂದು ಖೋಲಿ ಕೀಲಿ ಕೇಳಿದ್ಲು, ಕಸಾ ಹೊಡಿಯಾಕಿ ಅಂತ ತಿಳದು. ನಿಮಗ ಹೇಳಿರಲಿಲ್ಲ." ಅವಳು ಮೂಗು ಒರೆಸಿಕೊಂಡಳು. "ನಿನ್ನಿ ಇಲ್ಲಿಯ ಹಳೇ ಬಟ್ಟಿ ಇಡೂ ಡ್ರಾವರ್ ತೆಗೆದ್ರು. ನಮ್ಮ ಇಳಕಲ್ ಸೀರಿ ಇತ್ತು. ತೇನಿ ಸೆರಗಿನ ಕೆಂಪು ಬಿಳಿ ಪಟ್ಟಿ ನೋಡಿದ ಕೂಡಲೆ ಗುರ್ತ ಹಿಡಿದೆ. ಅದಕ್ಕ ಚೀಟಿ ಹಚ್ಚಿದ್ರು, ಕಿಟಕಿ ಪರದೆ ಅಂತ."

ಪ್ರೇಮಕುಮಾರನಿಗೆ ಒಮ್ಮೆಲೇ ಸಿಟ್ಟು ನೆತ್ತಿಗೇರಿತು. ಮದುವೆಯಲ್ಲಿ ಅವಳು ಉಟ್ಟದ್ದು ಅಂಥದೇ ಸೀರೆ. "ಪರದೆ? ಯಾವಾಂವ ಬರದಾಂವ? ಅದನ್ನ ಹಂಗ ಬಿಟ್ಟು ಬರ್ತೀಯೇನು? ನೀ ಅಲ್ಲದ ಅಲ್ಲಿ ಯಾರಿಗೆ ಗೊತ್ತೈತಿ ಅದು? ಸುಮ್ಮನ ಕುಂತು ಓದು. ಅರ್ಧಕ್ಕ ಬಿಟ್ಟು ಬಂದ್ರ ನಾ ಮನಿ ಬಾಗಿಲಾ ತಗಿಯೂದಿಲ್ಲ."

ಮೈಗೆ ನೀರು ಚಿಮುಕಿಸಿಕೊಳ್ಳುತ್ತಿದ್ದವರು ತಿರುಗಿ ನೋಡಿದರು.

"ಖರೆ ಹೇಳಾಕತ್ತೀರೇನು?"

"ಖರೆ."

"ಚೀಟಿ ತಪ್ಪೈತಿ ಅಂತ ನಿನ್ನೀನ ಹೇಳಿದ್ನಿರಿ. ಪ್ರೊಫೆಸರ್ ಬಾಯಾರು ಆಗಿಂದಾಗ ತಿದ್ದಿದ್ರು. ಗುರ್ತ ಸಿಗದ ಇಂಥಾ ಬಟ್ಟಿ ಇನ್ನೂ ನಾಕನೂರು ಅದಾವಂತ. ಈ ಕೋರ್ಸ್ ಮುಗಿದ ಮ್ಯಾಲೆ ಇಲ್ಲೇ ಮೂರು ವರ್ಷ ಪಿಎಚ್‌ಡಿ ಮಾಡು ಅಂದ್ರು. ನೀವು ಒಬ್ಬರ ಅದೀರಿ ಅಂತ ನೆನಿಸಿ ರಾತ್ರಿ ಎಲ್ಲಾ ಅತ್ತು, ಎಲ್ಲಾ ಬಿಟ್ಟು ಬರೂದು ಅಂತ ಮಾಡಿದ್ನಿ." ಅವಳ ದನಿ ತಿಳಿಯಾಯಿತು. "ನೀವ ಇಷ್ಟ ಗಟ್ಟಿ ಇದ್ರ, ಹೂಂ ಅನ್ನಲೇನು?"

ಪ್ರೇಮಕುಮಾರ ಬಾಯಿ ತೆರೆದ. ಎದುರಿಗೆ ಎರಡು ಹೊಳೆ ಕೂಡಿಕೊಂಡು ಅವನ ಬಗ್ಗೆ ಏನೂ ಚಿಂತೆಯಿಲ್ಲದೆ ಹರಿಯುತ್ತಿದ್ದವು.

"ಕೇಳಸ್ತೈತೇನ್ರಿ?"

"ಕೇಳಸ್ತೈತಿ," ಎಂದ. "ಹೂಂ ಅನ್ನು."

ಅವನು ತಿರುಗಿ ಬಂದು ಕೂತಾಗ ದುರ್ಗವ್ವ ಅವನ ಎಲೆಗೆ ಬದನೆಕಾಯಿ ಪಲ್ಯ ಬಡಿಸಿ, "ಬಾಯಾರು ಆರಾಮ ಅದಾರೇನ್ರಿ?" ಎಂದು ಕೇಳಿದಳು.

"ಆರಾಮ ಅದಾಳ." ಅವನು ರೊಟ್ಟಿಯನ್ನು ತಿರುವಿ ನೋಡಿದ. "ದುರ್ಗವ್ವ, ನಂಗ ರೊಟ್ಟಿ ಬಡಿಯೂದು ಹೇಳಿಕೊಡವಾ."

"ನಿಮಗ್ಯಾಕ್ರಿ ಸಾಹೇಬ್ರ? ಅದು ಕೈಗೆ ಕೂಡಾಕ ವರ್ಷ, ಎರಡ ವರ್ಷ ಹಿಡಿತೈತ್ರಿ."

"ಮೂರು ಹಿಡಿದ್ರೂ ನಡಿತೈತಿ," ಎಂದ ಪ್ರೇಮಕುಮಾರ.