ಬೇರಿಂಗ್ ಕಾವಲು

ನನಗೆ ದೇವರ ಭಯ ಅಷ್ಟಕ್ಕಷ್ಟೇ, ಬೇರಿಂಗ್ ಭಯ ಮಾತ್ರ ವಿಪರೀತ. ಕೋತಗಿರಿ ಪಕ್ಕದ ನಮ್ಮ ಹಟ್ಟಿಯಲ್ಲಿ ಎಲ್ಲರ ಮನೆ ಮುಂದೆ ಟೀ ಎಲೆ ಸಾಗಿಸುವ ಪಿಕಪ್ ನಿಂತಿದ್ದರೆ, ನನ್ನ ಮನೆ ಮುಂದೆ ಅದರ ಜೊತೆಗೆ ಎರಡೇ ಸೀಟಿನ ಹಳೆಯ ಕೆಂಪು ಸ್ಪೋರ್ಟ್ಸ್ ಕಾರೂ ನಿಂತಿದೆ. ಐವತ್ತು ದಾಟಿದ ಮೇಲೆ ಹಿಡಿದ ಹುಚ್ಚು, ಏನು ಮಾಡಲಿ! ಮಾರಿದವನು ಕೀ ಕೊಡುವಾಗ, "ಬೇರಿಂಗ್ ಹೋದ್ರೆ ಇಂಜಿನ್ನೇ ಹೋದ ಹಾಗೆ, ಬೇರೆ ಇಂಜಿನ್ ಎಲ್ಲೂ ಸಿಗಲ್ಲ" ಅಂದ. ಅಂದೇ ನನ್ನ ನೆಮ್ಮದಿ ಹಾಳಾಯಿತು.

ಇಂಜಿನ್ನಿನೊಳಗೆ ತಿರುಗುವ ದಂಡವನ್ನು ಹೊತ್ತಿರುವುದು ಈ ಬೇರಿಂಗ್. ಅದನ್ನು ಉಳಿಸುವುದು ಆಯಿಲ್ಲಿನ ಒಂದು ತೆಳು ಪೊರೆ. ನಮ್ಮ ಚಳಿಗೆ ಆಯಿಲ್ ಮಂದವಾಗುತ್ತದಲ್ಲ, ಹಾಗಾಗಿ ಅದು ಬಿಸಿಯಾಗುವವರೆಗೆ ನಾನು ಕಾರನ್ನು ಕದಲಿಸುವವನಲ್ಲ. ತಿರುವುಗಳಲ್ಲಿ ಆಯಿಲ್ ಒಂದು ಕಡೆ ಸರಿದು ಬೇರಿಂಗಿಗೆ ಕಡಿಮೆಯಾದೀತೆಂದು ಅಳತೆಯ ಕಡ್ಡಿ ಎಳೆದು ಎರಡೆರಡು ಸಲ ಮಟ್ಟ ನೋಡುತ್ತೇನೆ. ಅಷ್ಟರಲ್ಲಿ ವೆಲ್ಲಿಂಗ್ಟನ್ನಿನ ಶಾಲೆಯಲ್ಲಿ ಪಾಠ ಮಾಡುವ ನನ್ನ ಹೆಂಡತಿ ಗಿರಿಜೆಯ ಸಹನೆ ಮುಗಿದಿರುತ್ತದೆ. "ನಿಮ್ಮ ಆಯಿಲ್ ಕಾಯೋದ್ರಲ್ಲಿ ನನ್ನ ಬಸ್ಸೂ ಹೋಯ್ತು. ಕೊಡಿ ಇಲ್ಲಿ, ನಾನೇ ಓಡಿಸ್ತೀನಿ" ಎಂದು ಒಮ್ಮೆ ಕೀಗೆ ಕೈ ಹಾಕಿದಳು. "ಕೈ ತೆಗಿ, ಬೇರಿಂಗ್ ಹೋಗುತ್ತೆ!" ಎಂದು ಕಿರುಚಿಬಿಟ್ಟೆ. ಅವಳು ಧುಮುಗುಟ್ಟುತ್ತಾ ಮುಂದಿನ ಬಸ್ಸಿಗೆ ನಡೆದಳು.

ಹೋದ ತಿಂಗಳು ಆಯಿಲ್ ಬದಲಿಸಲು ಕೂನೂರಿನ ಮೆಕ್ಯಾನಿಕ್ ಸೆಲ್ವಂ ಬಳಿ ಹೋದೆ. ಅವನು ಹಳೆಯ ಫಿಲ್ಟರ್ ಕತ್ತರಿಸಿ ಬಿಸಿಲಿಗೆ ಹಿಡಿದ. ಒಳಗೆಲ್ಲ ಲೋಹದ ಮಿಣಮಿಣ ಪುಡಿ. "ಪಾರುಂಗಣ್ಣಾ, ನೋಡಿ, ಬೇರಿಂಗ್ ಸವೀತಾ ಇದೆ. ಯಾರು ಓಡಿಸ್ತಾರೆ?" ನಾನು ಎದೆ ತಟ್ಟಿಕೊಂಡು ಹೇಳಿದೆ, "ನಾನೊಬ್ಬನೇ! ಹೆಂಡತಿಗೂ ಕೀ ಕೊಟ್ಟಿಲ್ಲ!"

"ಓಡಿಸಿ ನೋಡೋಣ" ಎಂದು ಪಕ್ಕದಲ್ಲಿ ಕೂತ. ಏರು ಬಂತು. ಕಾರು ಗಡಗಡ ನಡುಗುತ್ತಾ ಹತ್ತಿತು. "ಅಣ್ಣಾ, ಯಾವ ಗೇರು?" ನೋಡಿದರೆ ಟಾಪ್ ಗೇರು! ಇಪ್ಪತ್ತು ವರ್ಷ ಎಲೆ ಹೊತ್ತ ಪಿಕಪ್ಪನ್ನು ಡೀಸೆಲ್ ಉಳಿಸಲೆಂದು ಟಾಪ್ ಗೇರಿನಲ್ಲೇ ಫ್ಯಾಕ್ಟರಿಗೆ ಹತ್ತಿಸಿದ ಕೈ ಇದು. ಗೇರು ಇಳಿಸುವವನನ್ನು ನಮ್ಮ ಹಟ್ಟಿಯಲ್ಲಿ ದುಂದುಗಾರ ಅನ್ನುತ್ತಾರೆ.

"ಇದು ಪಿಕಪ್ ಅಲ್ಲಣ್ಣಾ. ಹೀಗೆ ತಿಣುಕಿಸಿದ್ರೆ ಬೇರಿಂಗ್ ಮೇಲೆ ಆಯಿಲ್ ನಿಲ್ಲಲ್ಲ. ಗೇರ್ ಇಳಿಸಿ, ಇಂಜಿನ್ ಕೂಗಲಿ ಬಿಡಿ. ಈ ಚಾಳಿ ಈಗ್ಲೇ ಬಿಟ್ರೆ ಬೇರಿಂಗ್ ಉಳಿಯುತ್ತೆ."

ಒಂದು ವಾರ ಹೆಣಗಿದೆ. ದರಿದ್ರ ಕೈ, ಮಾತೇ ಕೇಳಲಿಲ್ಲ. ಕೊನೆಗೆ ಹಲ್ಲು ಕಚ್ಚಿ ಕೀಯನ್ನು ಗಿರಿಜೆಯ ಮುಂದಿಟ್ಟೆ. ಈಗ ಅವಳೇ ಓಡಿಸುತ್ತಾಳೆ, ಏರಿನಲ್ಲಿ ಸಲೀಸಾಗಿ ಗೇರು ಇಳಿಸುತ್ತಾಳೆ. ಇಂಜಿನ್ ಕೂಗಿದಾಗಲೆಲ್ಲ ಪಕ್ಕದ ಸೀಟಿನಲ್ಲಿ ನನ್ನ ಜೀವ ಹಿಂಡಿದಂತಾಗುತ್ತದೆ. ನಿನ್ನೆ ತಡೆಯಲಾಗದೆ ಗೇರಿನ ಕಡೆ ಕೈ ಚಾಚಿದೆ. ಅವಳು ರಸ್ತೆಯಿಂದ ಕಣ್ಣು ಕೀಳದೆ ಪಟ್ಟೆಂದು ಹೊಡೆದಳು.

"ಕೈ ತೆಗೀರಿ, ಬೇರಿಂಗ್ ಹೋಗುತ್ತೆ!"